ಸುಣ್ಣದ ಮೇಲೆ ಹಾಕಿದ ತಪ್ಪು

ನನ್ನ ಬಾಯಿಯ ಹುಣ್ಣಿಗಾಗಿ ಮೊದಲು ಬೈಸಿಕೊಂಡವಳು ಸುಣ್ಣದ ನಾಗಮ್ಮ. ಪಾಪ, ಆಕೆ ಮಾಡಿದ ತಪ್ಪೆಂದರೆ ಕೋಲಾರದ ಚಿನ್ನದ ಗಣಿಯ ಊರಿಗಾಂ ಸಂತೆಯ ಮೂಲೆಯಲ್ಲಿ ಮಡಕೆ ಇಟ್ಟುಕೊಂಡು ಎಲೆ ಅಡಿಕೆಯ ಸುಣ್ಣ ಮಾರುತ್ತಿದ್ದುದು. ನನ್ನ ಎಡಗೆನ್ನೆಯ ಒಳಗೆ ಉರಿ ಶುರುವಾಗಿ, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುವ ಹಾಗಾದಾಗ, ನಮ್ಮ ಅತ್ತೆ ಮುನಿಯಮ್ಮನವರು ನನ್ನನ್ನು ಬಾಗಿಲ ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. ಬಾಯೊಳಗೆ ಒಮ್ಮೆ ಇಣುಕಿದರು. "ಸುಣ್ಣ ಸುಟ್ಟೈತೆ" ಎಂದು ತೀರ್ಪು ಕೊಟ್ಟರು. ತೀರ್ಪು ಕೊಟ್ಟು ಸುಮ್ಮನಿರುವ ಪೈಕಿ ಅಲ್ಲ ಅವರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಸಂತೆಗೆ ಹೋದರು. ಹಿಂದೆ ನಾನೂ ಓಡಿದೆ.

ಕೋಪ ಬಂದರೆ ಅತ್ತೆಗೆ ತೆಲುಗು ಬರುತ್ತಿತ್ತು. "ಏಮೇ ನಾಗಮ್ಮಾ, ಇದಿ ಸುನ್ನಮಾ ನಿಪ್ಪಾ?" ಅಂದರು. ಇದು ಸುಣ್ಣವೋ ಕೆಂಡವೋ ಎಂದು ಕೇಳಿದ್ದು. "ನನ್ ಸೊಸೆ ಬಾಯೆಲ್ಲ ಬೆಂದೋಗೈತೆ, ಬಂದು ನೋಡು."

"ಇಡೀ ಊರ್ಗೆ ಇದೇ ಸುಣ್ಣ ಕೊಡ್ತೀನಮ್ಮ. ಯಾರ್ಗೂ ಸುಡದೇ ಇದ್ದದ್ದು ನಿನ್ ಸೊಸೆಗೊಬ್ಬಳಿಗೇ ಯಾಕೆ ಸುಡ್ತದೆ?" ಅಂದಳು ನಾಗಮ್ಮ.

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಆವತ್ತು ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಬೇರೆ ಕಡೆಯಿಂದ ಸುಣ್ಣ ತರಿಸಿದರು. ಎಡಗೆನ್ನೆಗೆ ರಜಾ ಕೊಟ್ಟು ಎಲೆ ಅಡಿಕೆ ಹೊಗೆಸೊಪ್ಪನ್ನು ಬಲಗೆನ್ನೆಗೆ ಇಟ್ಟುಕೊಳ್ಳುವಂತೆ ನನಗೆ ಹೇಳಿದರು. ನಾನು ಹಾಗೇ ಮಾಡಿದೆ. ಈಗ ನೆನೆದರೆ ನಗು ಬರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಒಲೆಯನ್ನು ಈ ಕೋಣೆಯಿಂದ ಆ ಕೋಣೆಗೆ ಎತ್ತಿಟ್ಟ ಬುದ್ಧಿ ನಮ್ಮದು.

ಎಲೆ ಅಡಿಕೆಯೆಂದರೆ ನಮ್ಮ ಲೈನಿನಲ್ಲಿ ಬರೀ ಬಾಯಿಚಪಲ ಆಗಿರಲಿಲ್ಲ. ಗಣಿಯಲ್ಲಿ ಕೆಲಸ ಮಾಡುವವರಿಗೆ ಸಾಲಾಗಿ ಕಟ್ಟಿದ ಮನೆಗಳಿಗೆ ನಾವು ಲೈನು ಅನ್ನುತ್ತೇವೆ. ಒಂದು ಗೋಡೆಯ ಆಚೆ ತಮಿಳು, ಇನ್ನೊಂದರ ಆಚೆ ತೆಲುಗು, ನಡುವೆ ನಮ್ಮ ಕನ್ನಡ. ಬೇತಮಂಗಲದ ನೀರು ನಲ್ಲಿಗೆ ಬರುವ ಹೊತ್ತಿಗೆ ಬಿಂದಿಗೆ ಇಡುವುದಕ್ಕೆ ಮೂರು ಭಾಷೆಯಲ್ಲೂ ಜಗಳ. ಮಧ್ಯಾಹ್ನ ಗಂಡಸರು ಗಣಿಗೆ ಇಳಿದ ಮೇಲೆ ಬೆಳಗ್ಗೆ ಬೈದವಳೇ ಬಂದು ನಮ್ಮ ಜಗಲಿಯ ಮೇಲೆ ಸಂಚಿ ಬಿಚ್ಚಿದರೆ ರಾಜಿ ಆಯಿತು ಎಂದು ಅರ್ಥ. ಆಕೆ ಮಡಿಸಿ ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳದಿದ್ದರೆ ಜಗಳ ಇನ್ನೂ ಉಳಿದಿದೆ ಎಂದು ಅರ್ಥ. ಹೀಗಾಗಿ ಜಗಳ ಹೆಚ್ಚಿದಷ್ಟೂ ಎಲೆ ಅಡಿಕೆ ಹೆಚ್ಚು. ನಮ್ಮಲ್ಲಿ ಎರಡಕ್ಕೂ ಬರ ಇರಲಿಲ್ಲ.

ಹೊಗೆಸೊಪ್ಪು ನನಗೆ ಬಂದದ್ದು ಬಾಣಂತನದಲ್ಲಿ. ನನ್ನ ತವರು ಬಂಗಾರಪೇಟೆ ಹತ್ತಿರದ ಹಳ್ಳಿ. ನನಗೆ ತಾಯಿ ಇರಲಿಲ್ಲ, ಚಿಕ್ಕಂದಿನಲ್ಲೇ ಹೋಗಿದ್ದಳು. ಮಗಳು ಪದ್ಮ ಹುಟ್ಟಿದಾಗ ಬಾಣಂತನ ಮಾಡಿದವರು ಅತ್ತೆ. ಎಣ್ಣೆ ಹಚ್ಚಿ, ಸುಡುನೀರು ಹುಯ್ದು, ಕಷಾಯ ಕುಡಿಸಿ, ನನ್ನನ್ನು ತಾಯಿಗಿಂತ ಹೆಚ್ಚಾಗಿ ನೋಡಿಕೊಂಡರು. ಆಗ ನನಗೆ ದವಡೆ ಹಲ್ಲಿನ ನೋವು. ರಾತ್ರಿಯೆಲ್ಲ ಕೂಸೂ ಅಳುವುದು, ನಾನೂ ಅಳುವುದು. ಅತ್ತೆ ತಮ್ಮ ಸಂಚಿಯಿಂದ ಒಂದು ಎಸಳು ಹೊಗೆಸೊಪ್ಪು ಮುರಿದು, ಸುಣ್ಣ ತಿಕ್ಕಿ, "ನೋಯೋ ಕಡೆ ಒತ್ತರಿಸ್ಕ, ಬೆಳಗಾದ್ರೆ ವಾಸಿ ಆಯ್ತದೆ" ಎಂದು ಕೊಟ್ಟರು. ನಿಜವಾಗಿಯೂ ನೋವು ಮರಗಟ್ಟಿತು. ನಿದ್ದೆ ಬಂತು. ಅಷ್ಟು ಉಪಕಾರ ಮಾಡಿದ ವಸ್ತುವನ್ನು ಯಾರು ಬಿಡುತ್ತಾರೆ? ಹಲ್ಲು ನೋವು ಹೋಯಿತು, ಹೊಗೆಸೊಪ್ಪು ಉಳಿಯಿತು. ಮಲಗುವಾಗಲೂ ಒಂದು ಉಂಡೆ ಕೆನ್ನೆಯಲ್ಲಿ ಇರಲೇಬೇಕು ಅನ್ನುವ ಹಂತಕ್ಕೆ ಬಂದಿದ್ದೆ.

ಪದ್ಮ ಓಡಾಡುವ ಹೊತ್ತಿಗೆ ಕೆನ್ನೆಯ ಒಳಗೆ ಹಾಲಿನ ಕೆನೆಯಂಥ ಬಿಳಿ ಮಚ್ಚೆ ಕಂಡಿತ್ತು. ಅದು ನೋಯುತ್ತಿರಲಿಲ್ಲವಾದ್ದರಿಂದ ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಮೇಲೆ ಅದು ಬಿರಿದು ಹುಣ್ಣಾಯಿತು. ನಾಗಮ್ಮನಿಗೆ ಬೈದದ್ದಾಯಿತು, ತುಪ್ಪ ಸವರಿದ್ದಾಯಿತು. ಪಕ್ಕದ ಮನೆಯ ಚೆಲ್ಲಮ್ಮ ಗೋಡೆಯ ಮೇಲಿಂದ ಸೊಪ್ಪಿನ ಕಟ್ಟು ನೀಡಿ, "ಅಕ್ಕಾ, ವಾಯ್ ಪುಣ್ಣುಕ್ಕು ಮಣತ್ತಕ್ಕಾಳಿ ಒಳ್ಳೇದು, ದಿನಾ ಬೇಯ್ಸಿ ತಿನ್ನು" ಅಂದಳು. ಬಾಯಿಹುಣ್ಣಿಗೆ ಅಂದದ್ದು. ಮಣತ್ತಕ್ಕಾಳಿಗೆ ನಮ್ಮ ಕಡೆ ಗಣಿಕೆ ಸೊಪ್ಪು ಅನ್ನುತ್ತಾರೆ. ತಿಂದೆ. ಸೊಪ್ಪಿನ ರುಚಿ ಸೊಗಸಾಗಿತ್ತು, ಹುಣ್ಣು ಇದ್ದ ಹಾಗೇ ಇತ್ತು. ಉರಿ ಜಾಸ್ತಿಯಾದಾಗ ನಾನೇ ಗುಟ್ಟಾಗಿ ಚೂರು ಹೊಗೆಸೊಪ್ಪನ್ನು ಹುಣ್ಣಿನ ಮೇಲೇ ಇಡುತ್ತಿದ್ದೆ, ಮರಗಟ್ಟಲಿ ಎಂದು. ಹೀಗೆ ತಿಂಗಳುಗಳು ಕಳೆದವು.

ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ಮರದ ಕಟ್ಟು ನಿಲ್ಲಿಸುವ ಕೆಲಸ. ಮೇಲೆ ಬಂದರೆ ಸ್ನಾನ, ಊಟ, ನಿದ್ದೆ. ನಾನು ಏನು ಉಡುತ್ತೇನೆ, ಏನು ಅಡುತ್ತೇನೆ ಅನ್ನುವುದನ್ನು ಈ ಮನುಷ್ಯ ನೋಡಿಯೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಒಂದು ದಿನ ಎದುರು ಬದುರು ಉಣ್ಣುತ್ತಿದ್ದಾಗ ತಟ್ಟೆಯಿಂದ ತಲೆಯೆತ್ತಿ, "ನಿನ್ ತುತ್ತು ಸಣ್ಣದಾಗೈತೆ" ಅಂದರು.

ಹೌದಾಗಿತ್ತು. ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿರಲಿಲ್ಲ. ಮುದ್ದೆಯ ತುತ್ತನ್ನು ನಾನು ದಿನದಿಂದ ದಿನಕ್ಕೆ ಸಣ್ಣದು ಮಾಡಿಕೊಂಡು ಬಂದಿದ್ದೆ. ನನಗೇ ತಿಳಿಯದ್ದು ಅವರಿಗೆ ತಿಳಿದಿತ್ತು. ಮಾರನೆಯ ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ನನ್ನನ್ನು ಕಂಪನಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಗಣಿಗಳು ಬಿಳಿಯರ ಕೈಬಿಟ್ಟು ಸರ್ಕಾರದ ಕೈಗೆ ಬಂದ ಹೊಸತು ಅದು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಬಾಯೊಳಗೆ ನೋಡಿದರು. ಬೆರಳು ಹಾಕಿ ಕೆನ್ನೆ ಒತ್ತಿದರು. ಕಿವಿಯ ಕೆಳಗೆ, ಗಲ್ಲದ ಕೆಳಗೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಯಜಮಾನರೊಬ್ಬರನ್ನೇ ಒಳಗೆ ಕರೆದರು. ಗಂಡನನ್ನು ಬೇರೆಯಾಗಿ ಕರೆದರೆ ಏನೆಂದು ತಿಳಿಯದಷ್ಟು ದಡ್ಡಿ ನಾನಲ್ಲ, ಬಂಗಾರಪೇಟೆಯಲ್ಲಿ ಮಿಡ್ಲ್ ಸ್ಕೂಲು ಓದಿದವಳು. ಹೊರಗೆ ಬಂದ ಅವರ ಮುಖ ನೋಡಿದೆ.

"ಏನಂತೆ?"

"ಬೆಂಗ್ಳೂರ್‌ಗೆ ಓಗ್ಬೇಕಂತೆ."

"ಯಾಕೆ?"

ಯಾವಾಗಲೂ ನನ್ನ ಮುಂದೆ ಮುಂದೆ ನಡೆಯುತ್ತಿದ್ದವರು ಆವತ್ತು ಪಕ್ಕದಲ್ಲಿ ನಡೆದರು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬೆಂಗಳೂರಿನ ಆಸ್ಪತ್ರೆಯ ಹೊರಗಡೆ ಉದ್ದ ಬೆಂಚು. ಆ ಬೆಂಚಿನ ಮೇಲೆ ನಾನು ಕಳೆದಷ್ಟು ಹೊತ್ತನ್ನು ನಮ್ಮ ಮನೆಯ ಜಗಲಿಯ ಮೇಲೂ ಕಳೆದಿಲ್ಲವೇನೋ. ಕಾಯಿಲೆಯ ಹೆಸರನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಆ ಕಾಯಿಲೆ" ಅನ್ನುತ್ತಿದ್ದರು. ಕಾರಣ ಮಾತ್ರ ಎಲ್ಲರ ಹತ್ತಿರವೂ ಒಂದೊಂದಿತ್ತು. ಮಾಲೂರಿನ ಕಡೆಯ ಒಬ್ಬ ಅಜ್ಜನಿಗೆ ಗಂಟಲು ಕಟ್ಟಿತ್ತು, ದಾಯಾದಿಗಳು ಮದ್ದು ಹಾಕಿದರು ಎಂದು ಆತನ ನಂಬಿಕೆ. ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡೇ ಅದನ್ನು ಹೇಳುತ್ತಿದ್ದ. ಇನ್ನೊಬ್ಬಾಕೆಗೆ ನಾಗದೋಷ. ನನಗೆ ಸುಣ್ಣ. ಒಳಗೆ ಡಾಕ್ಟರು ಮಾತ್ರ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಬೀಡಿ ಸೇದುತ್ತೀರಾ, ಹೊಗೆಸೊಪ್ಪು ಹಾಕುತ್ತೀರಾ, ಸಾರಾಯಿ ಕುಡಿಯುತ್ತೀರಾ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರ ಉತ್ತರವೂ ನಮಗೆ ಕೇಳಿಸುತ್ತಿತ್ತು.

ನನ್ನ ಸರದಿ ಬಂದಾಗ ಡಾಕ್ಟರು ಸುಣ್ಣದ ಕತೆಯನ್ನು ಪೂರ್ತಿ ಕೇಳಿದರು. ನಗಲಿಲ್ಲ, ಗದರಲಿಲ್ಲ. "ಸುಣ್ಣದ್ದೂ ಸ್ವಲ್ಪ ಪಾಲಿದೆ ಅನ್ನಿ. ಆದರೆ ದೊಡ್ಡ ಕಳ್ಳ ಹೊಗೆಸೊಪ್ಪು" ಅಂದರು.

ಯಜಮಾನರು ಬಾಗಿಲ ಹತ್ತಿರದಿಂದ, "ಗಣಿ ಧೂಳಿಗೇನಾದ್ರೂ ಇಂಗಾಯ್ತದಾ ಸಾರ್? ನಮ್ ಮನೆಗೆಲ್ಲ ಬತ್ತದೆ ಧೂಳು" ಎಂದು ಕೇಳಿದರು. ತನ್ನ ಕೆಲಸದಿಂದ ನನಗೆ ಹೀಗಾಯಿತೇ ಅನ್ನುವ ಕೊರಗು ಅವರನ್ನು ಅಷ್ಟು ದಿನವೂ ಕೊರೆಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

"ಅದು ಎದೆಗೆ ಕೆಟ್ಟದ್ದು, ನೀವು ಹುಷಾರಾಗಿರಿ. ಈಕೆಯ ಬಾಯಿಗೆ ಅದು ಕಾರಣ ಅಲ್ಲ" ಅಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಹೊರಗೆ ಒಬ್ಬರು ಮೇಷ್ಟ್ರು ಕೂತಿದ್ದಾರೆ ನೋಡಿ, ಕಾಫಿ ಕೂಡ ಮುಟ್ಟದ ಮನುಷ್ಯ. ಅವರಿಗೆ ಯಾಕೆ ಬಂತು ಅಂತ ನನಗೂ ಗೊತ್ತಿಲ್ಲ. ಎಲ್ಲರಿಗೂ ಕಾರಣ ಸಿಗೋದಿಲ್ಲಮ್ಮ. ನಿಮಗೆ ಸಿಕ್ಕಿದೆ, ಬಿಡೋದು ನಿಮ್ಮ ಕೈಲಿದೆ. ಇನ್ನೂ ಮುಂಚೆ ಬಂದಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ."

ಇಷ್ಟೆಲ್ಲ ಅಂದರೆ ಏನು ಎಂದು ಆಮೇಲೆ ತಿಳಿಯಿತು. ಮೊದಲು ನನ್ನ ಹಲ್ಲುಗಳನ್ನು ಕೀಳಿಸಬೇಕಿತ್ತು. ಹುಣ್ಣು ಸುಡಲು ರೇಡಿಯಂ ಇಟ್ಟ ಮೇಲೆ ಹಲ್ಲು ಕೆಟ್ಟರೆ ದವಡೆಯೇ ಕೊಳೆಯುತ್ತದಂತೆ. ನನಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಲ್ಲೆಲ್ಲ ಕಿತ್ತು ಊರಿಗೆ ಬಂದ ದಿನ ಅತ್ತೆ ನನ್ನ ಎದುರು ಕೂತು ತಮ್ಮ ಕಪ್ಪು ಹಲ್ಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಂಡರು. "ನಂಗೇ ಹಲ್ಲು ಅವೆ, ನನ್ ಸೊಸೆಗಿಲ್ಲ" ಅಂದರು. ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು. ಆವತ್ತಿನಿಂದ ನನ್ನ ಮುಂದೆ ಅವರು ಎಲೆ ಅಡಿಕೆ ಹಾಕಲಿಲ್ಲ. ಬಿಟ್ಟರು ಅಂತಲ್ಲ. ಹಿತ್ತಲಲ್ಲಿ, ಹಿಟ್ಟು ಬೀಸುವ ಕಲ್ಲಿನ ಹಿಂದೆ ಕೂತು ಹಾಕಿಕೊಂಡು, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದರು. ವಾಸನೆ ನನ್ನ ಮೂಗಿಗೆ ಬರದೇ ಇರುತ್ತದೆಯೇ? ಅದಕ್ಕಾಗಿ ಜೀವ ಎಷ್ಟು ಎಳೆಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಅವರನ್ನು ಏನೂ ಅನ್ನಲಿಲ್ಲ. ನನ್ನ ಕಾಯಿಲೆಗೆ ಅವರು ಕಾರಣ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ನೋವಿಗೆ ತಮಗೆ ಗೊತ್ತಿದ್ದ ಮದ್ದು ಕೊಟ್ಟರು, ಅಷ್ಟೇ.

ರೇಡಿಯಂ ಅಂದರೆ ದೊಡ್ಡ ಯಂತ್ರ ಇರಬೇಕು ಎಂದು ಕಲ್ಪಿಸಿಕೊಂಡಿದ್ದೆ. ನೋಡಿದರೆ ಸಣ್ಣ ಸೂಜಿಗಳು. ಮತ್ತಿನ ಮದ್ದು ಕೊಟ್ಟು ಕೆನ್ನೆಯೊಳಗೆ ಅವನ್ನು ಸಾಲಾಗಿ ಚುಚ್ಚಿದ್ದರು. ಎಚ್ಚರವಾದಾಗ ಒಂದೊಂದು ಸೂಜಿಗೂ ಕಟ್ಟಿದ ದಾರ ಬಾಯಿಂದ ಹೊರಗೆ ಬಂದು ಗಲ್ಲಕ್ಕೆ ಅಂಟಿಕೊಂಡಿತ್ತು. ಕನ್ನಡಿ ಇರಲಿಲ್ಲ, ಒಳ್ಳೆಯದೇ ಆಯಿತು. ಮಾತಾಡುವ ಹಾಗಿಲ್ಲ, ನುಂಗಲು ಕಷ್ಟ, ಕೊಳವೆಯಲ್ಲಿ ಹಾಲು ಗಂಜಿ. ಆ ಸೂಜಿಗಳ ಶಾಖ ಬೇರೆಯವರಿಗೆ ತಾಗಬಾರದೆಂದು ನನ್ನನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಸಿಸ್ಟರ್ ಬಂದರೆ ಬೇಗ ಬೇಗ ದಾರ ನೋಡಿ, ನೀರು ಕುಡಿಸಿ ಹೋಗಬೇಕು. ಕೇರಳದ ಕಡೆಯ ಹುಡುಗಿ. ಅಷ್ಟು ಅವಸರದಲ್ಲೂ ಹೋಗುವ ಮುಂಚೆ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋಗುವಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಬಾಯಿ ಇರಲಿಲ್ಲ. ಆ ಕೈಯನ್ನು ನಾನು ಈಗಲೂ ನೆನೆಯುತ್ತೇನೆ.

ಯಜಮಾನರು ಒಳಗೆ ಬರುವ ಹಾಗಿರಲಿಲ್ಲ. ಬಾಗಿಲ ಆಚೆ ನಿಂತು ಮಾತಾಡಬೇಕು. ನನ್ನ ಹಾಸಿಗೆ ದೂರ, ಗೋಡೆಯ ಪಕ್ಕ. ಮನೆಯಲ್ಲಿ ಪಕ್ಕ ಕೂತರೂ ಮಾತಾಡದ ಮನುಷ್ಯ ಆಸ್ಪತ್ರೆಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

"ಪದ್ಮ ಉಂಡ್ಲು. ಅಮ್ಮ ಉಂಡ್ಲು. ನಾನೂ ಉಂಡೆ."

ನಾನು ಕೈ ಎತ್ತಿ ಕೇಳಿತು ಎನ್ನುತ್ತಿದ್ದೆ. ಅವರು ಅದನ್ನೇ ಇನ್ನೊಂದು ಸಲ ಕೂಗಿ ಹೋಗುತ್ತಿದ್ದರು. ಕೆಲಸ ಮುಗಿಸಿ, ನಮ್ಮ ಗಣಿ ಕಡೆಯ ಮಾರಿಕುಪ್ಪಂ ಗಾಡಿ ಹಿಡಿದು, ಬಂಗಾರಪೇಟೆಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿ, ಆ ಮೂರು ಮಾತು ಹೇಳಲು ಬರುತ್ತಿದ್ದರು. ನನಗೆ ಸಾಯುವ ಭಯ ಇತ್ತು, ಇರಲಿಲ್ಲ ಎಂದರೆ ಸುಳ್ಳು. ಪದ್ಮಳ ತಲೆ ಯಾರು ಬಾಚುತ್ತಾರೆ, ಅವಳು ಮೈನೆರೆದಾಗ ಅವಳ ಹತ್ತಿರ ಯಾರು ಕೂರುತ್ತಾರೆ ಎಂದೆಲ್ಲ ಯೋಚಿಸಿ, ತಾಯಿಯಿಲ್ಲದೆ ಬೆಳೆದ ನನ್ನ ಹಾಗೆ ಅವಳೂ ಬೆಳೆಯಬೇಕಾಗುತ್ತದೆಯೇ ಎಂದು ಗೋಡೆ ಕಡೆ ತಿರುಗಿ ಅಳುತ್ತಿದ್ದೆ. ಆಗೆಲ್ಲ ಆ ಮೂರು ಮಾತನ್ನೇ ನನ್ನೊಳಗೆ ಹೇಳಿಕೊಳ್ಳುತ್ತಿದ್ದೆ.

ಸೂಜಿ ತೆಗೆದು ಮನೆಗೆ ಕಳಿಸಿದ ಮೇಲೆ ಬಾಯಿ ಸುಲಿದು ಹಣ್ಣಾಯಿತು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿತ್ತು. ಅಲ್ಲಿಯವರೆಗೆ ಚೆಲ್ಲಮ್ಮನ ಮನೆಯಲ್ಲೇ ಊಟ, ನಿದ್ದೆ ಮಾಡುತ್ತಿದ್ದ ಪದ್ಮ ನನ್ನನ್ನು ನೋಡಿ ಅವಳ ಸೀರೆಯ ಹಿಂದೆ ಅವಿತುಕೊಂಡು, "ಇದು ಯಾರು?" ಎಂದು ತಮಿಳಿನಲ್ಲಿ ಕೇಳಿದಳು. ಚೆಲ್ಲಮ್ಮ ಅವಳನ್ನು ಬಲವಂತ ಮಾಡಲಿಲ್ಲ. ದಿನಾ ನಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುವಳು, ಮಗು ಅವಳ ತೊಡೆಯ ಮೇಲೆ. ದಿನಕ್ಕೊಂದು ಗೇಣು ಹತ್ತಿರ ಸರಿದು, ಒಂದು ದಿನ ಪದ್ಮ ನನ್ನ ತೊಡೆಯ ಮೇಲೆ ಇದ್ದಳು. ಹೇಗೆ ಬಂದಳೋ ನನಗೂ ತಿಳಿಯಲಿಲ್ಲ.

ಲೈನಿನಲ್ಲಿ ಕೆಲವರಿಗೆ ಇದು ಅಂಟುರೋಗವೆಂಬ ಭಯ. ನಮ್ಮ ಮನೆಗೆ ಬಂದವರು ನೀರು ಕುಡಿಯದೆ ಹೋಗುತ್ತಿದ್ದರು. ಒಂದು ಸಲ ನಾಲ್ಕಾರು ಹೆಂಗಸರು ಕೂತಿದ್ದಾಗ ಅತ್ತೆ ನಾನು ಕುಡಿದು ಉಳಿಸಿದ ಗಂಜಿಯ ಲೋಟವನ್ನು ಕೈಗೆತ್ತಿಕೊಂಡು, ಎಲ್ಲರೂ ನೋಡುತ್ತಿರುವಂತೆ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. "ಉಪ್ಪು ಕಮ್ಮಿ ಆಗೈತೆ" ಅಂದರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಊಟದ ಬಗ್ಗೆ ನಾನು ದೇವರಿಗೆ ಬೇರೆಯಾಗಿಯೇ ಕೈಮುಗಿಯಬೇಕು. ಹಲ್ಲಿಲ್ಲದವಳನ್ನು ಅವನು ಕೋಲಾರದ ಸೀಮೆಯಲ್ಲಿ ಹುಟ್ಟಿಸಿದ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದೇ. ಬಾಯಿ ಮಾಗಿದ ಮೇಲೆ ಅತ್ತೆ ಬೆಣ್ಣೆಯಂತೆ ಮುದ್ದೆ ತೊಳಸಿ, ಖಾರವಿಲ್ಲದ ಬೇಳೆ ಸಾರು ಮಾಡಿ, ನೆಲ್ಲಿಕಾಯಿ ಗಾತ್ರದ ತುತ್ತು ಕಟ್ಟಿ ಬಾಯಿಗಿಟ್ಟರು. ಸಲೀಸಾಗಿ ಇಳಿಯಿತು. ಬೆಂಗಳೂರಿನ ಬೆಂಚಿನ ಮೇಲೆ ಚಪಾತಿ ತಿನ್ನುವ ಕಡೆಯವರೂ ಇದ್ದರು. ಅವರ ಪಾಡು ನೆನೆದು ನನಗೆ ಮರುಕ ಬಂತು.

ಕಷ್ಟವಾದದ್ದು ಬೇರೆಯೇ. ನೋವನ್ನು ತಡೆದೆ, ಹಲ್ಲನ್ನು ಕೊಟ್ಟೆ, ಹೊಗೆಸೊಪ್ಪಿನ ಆಸೆ ಮಾತ್ರ ಹೋಗದು. ಅದನ್ನು ತಿಂದು ಸತ್ತೇನು ಎಂದು ಗೊತ್ತಿದ್ದೂ, ನಲ್ಲಿಯ ಹತ್ತಿರ ಯಾರೋ ಕಡ್ಡಿಪುಡಿಯ ಪೊಟ್ಟಣ ಬಿಚ್ಚಿದರೆ ನನ್ನ ಮೈ ಅತ್ತ ವಾಲುತ್ತಿತ್ತು. ಕಲ್ಲುಸಕ್ಕರೆ ಚೂರು ಬಾಯಲ್ಲಿಟ್ಟುಕೊಂಡು ಹಟ ಹಿಡಿದೆ. ಇನ್ನು ರಾಜಿಯ ಎಲೆ ಅಡಿಕೆ ಬೇರೆ. ಕೊಟ್ಟವರದ್ದನ್ನು ತೆಗೆದುಕೊಳ್ಳಲಿಲ್ಲವೆಂದು ಅರ್ಧ ಲೈನು ನನ್ನ ಮೇಲೆ ಮುನಿಸಿಕೊಂಡಿತು. ಆಸ್ಪತ್ರೆಗೆ ಹೋಗಿ ಬಂದ ಮೇಲೆ ರತ್ನಮ್ಮನಿಗೆ ಜಂಬ ಬಂದಿದೆ ಅಂದರು. ಬೀದಿ ಜಗಳಗಳ ಲೆಕ್ಕದಲ್ಲಿ ನಾನು ಯಾರ ಹತ್ತಿರವೂ ರಾಜಿಯಾಗದ ಮಹಾ ಜಗಳಗಂಟಿ ಆಗಿಬಿಟ್ಟೆ. ಚೆಲ್ಲಮ್ಮನೇ ದಾರಿ ತೋರಿಸಿದಳು. "ಅಕ್ಕಾ, ಎಲೇನ ಬರೀ ಕೈಲಿ ತಗೊ, ಕಣ್ಣಿಗೊತ್ತಿಕೊ, ತಲೇಲಿ ಮುಡ್ಕೊ. ಕೊಟ್ಟೋರ್ಗೂ ಮರ್ಯಾದೆ, ನಿಂಗೂ ತೊಂದ್ರೆ ಇಲ್ಲ." ಹಾಗೇ ಮಾಡಿದೆ. ಸಂಜೆಯ ಹೊತ್ತಿಗೆ ನನ್ನ ತುರುಬಿನಲ್ಲಿ ಬಳ್ಳಿಯಷ್ಟು ವೀಳ್ಯದೆಲೆ ಸೇರಿರುತ್ತಿತ್ತು. ಪದ್ಮಳಿಗೆ ಅದನ್ನು ನೋಡಿ ನಗುವುದೇ ಕೆಲಸವಾಯಿತು.

ಕೆಲವು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬಾಯಿ ತೋರಿಸಿ ಬರಬೇಕು. ಯಾವಾಗಲೂ ಯಜಮಾನರೇ ಬರುತ್ತಿದ್ದರು. ಒಂದು ಸಲ ಅವರಿಗೆ ರಜೆ ಸಿಗಲಿಲ್ಲ. "ನಾನು ಬತ್ತೀನಿ ಬಿಡು" ಅಂದರು ಅತ್ತೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಕಣ್ಣಿಗೆ ಇದ್ದಲಿನ ಕಣ ಬಿದ್ದರೂ ತಲೆ ಒಳಗೆ ಎಳೆದುಕೊಳ್ಳದೆ, ಕಂಡ ಹೊಲಗಳಿಗೆಲ್ಲ ಹೆಸರಿಡುತ್ತಾ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಚಿಂತಾಮಣಿ ಕಡೆಯ ಒಬ್ಬಾಕೆ ಮುಖಕ್ಕೆ ಸೆರಗು ಹೊದ್ದು ಕೂತಿದ್ದಳು. ಅತ್ತೆಯಷ್ಟೇ ವಯಸ್ಸು. ನೀರು ಕುಡಿಯಲು ಆಕೆ ಸೆರಗು ಸರಿಸಿದಾಗ ಕುಡಿದ ನೀರು ಕೆನ್ನೆಯ ತೂತಿನಿಂದಲೇ ಹೊರಗೆ ಬಂತು. ಅತ್ತೆ ತಮ್ಮ ಸೆರಗಿನ ತುದಿಯಿಂದ ಆಕೆಯ ಕತ್ತು ಒರೆಸಿದರು.

ಡಾಕ್ಟರು ನನ್ನ ಬಾಯಿ ನೋಡಿ, ಕತ್ತು ಮುಟ್ಟಿ, ಎಲ್ಲ ಚೆನ್ನಾಗಿದೆ ಅಂದರು. ಮುಂದಿನ ಸಲ ಆರು ತಿಂಗಳು ಬಿಟ್ಟು ಬಂದರೆ ಸಾಕು ಅಂದರು. ನನಗೆ ಕುಣಿಯುವಷ್ಟು ಸಂತೋಷ. ಅತ್ತೆ ಮಾತ್ರ ರೈಲಿನಲ್ಲಿ ಕಿಟಕಿಯ ಹತ್ತಿರವೂ ಕೂರಲಿಲ್ಲ. ಹೊಲಗಳನ್ನೂ ನೋಡಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪಂ ಗಾಡಿಗಾಗಿ ಪ್ಲಾಟ್‌ಫಾರಂ ಮೇಲೆ ಕೂತೆವು. ಸಂಜೆಯ ಬಿಸಿಲು ಎದುರಿನಿಂದ ಬೀಳುತ್ತಿತ್ತು.

"ರತ್ನಾ, ಒಸಿ ಇಲ್ ನೋಡು" ಅಂದರು ಅತ್ತೆ. ಬಿಸಿಲಿನ ಕಡೆ ತಿರುಗಿ ಬಾಯಿ ಅಗಲ ಮಾಡಿದರು.

ಡಾಕ್ಟರು ನನಗೆ ಮಾಡುತ್ತಿದ್ದ ಹಾಗೆಯೇ ಬೆರಳಿನಿಂದ ಕೆನ್ನೆಯನ್ನು ಹೊರಗೆ ಎಳೆದು ನೋಡಿದೆ. ಕೆಳಗಿನ ವಸಡಿನ ಪಕ್ಕ, ಹುಣಸೆ ಬೀಜದಷ್ಟು ಅಗಲ, ಹಾಲಿನ ಕೆನೆಯಂತೆ ಬಿಳಿ. ಇನ್ನೂ ಬಿರಿದಿರಲಿಲ್ಲ.

"ಯಾವಾಗ್ಲಿಂದ ಐತೆ ಅತ್ತೆ ಇದು?"

"ನೀನು ಆಸ್ಪತ್ರೇಲಿ ಇದ್ದಾಗ ಕೈಗೆ ತಗುಲ್ತು."

"ಅಷ್ಟು ದಿನದಿಂದ ಯಾಕೆ ಯೋಳಿಲ್ಲ?"

"ನಾನೂ ಮಲೀಕಂಡಿದ್ರೆ ನಿಂಗೆ ಗಂಜಿ ಕಾಯ್ಸೋರು ಯಾರು? ನೀನು ಎದ್ದು ಓಡಾಡ್ಲಿ, ಆಮೇಲೆ ನೋಡಣ ಅನ್ಕಂಡೆ."

ಮಾರಿಕುಪ್ಪಂ ಗಾಡಿ ಬಂದು ನಿಂತಿತು. ಜನ ಹತ್ತತೊಡಗಿದರು. ಅತ್ತೆ ಚೀಲ ಎತ್ತಿಕೊಂಡು ಎದ್ದರು. ಒಮ್ಮೆ ಮನೆ ಸೇರಿದರೆ, ಹಾಲು ಹಿಂಡುವುದಿದೆ, ರಾಗಿ ಬೀಸುವುದಿದೆ ಎಂದು ಇವರು ಮತ್ತೆ ಹೊರಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಚೀಲ ಕಿತ್ತುಕೊಂಡೆ.

"ಈ ಗಾಡಿ ಬ್ಯಾಡ. ಬೆಂಗ್ಳೂರ್ ಗಾಡಿ ಹತ್ತೋಣ ಬನ್ನಿ."

"ನಿಂಗೇನ್ ತಲೆ ಕೆಟ್ಟೈತಾ? ಈಗ್ ತಾನೆ ಅಲ್ಲಿಂದ ಬಂದ್ವಿ. ಮುಂದಿನ್ ಸಲ ತೋರ್ಸನ."

"ಮುಂದಿನ್ ಸಲ ಆರು ತಿಂಗ್ಳಿಗೆ ಅತ್ತೆ."

ಗಾಡಿಯ ಕಿಟಕಿಯಲ್ಲಿ ನಮ್ಮ ಲೈನಿನವರೊಬ್ಬರು ಕಂಡರು. ನಾವು ನಾಳೆ ಬರುತ್ತೇವೆ, ಮನೆಯಲ್ಲಿ ಹೇಳಿಬಿಡಿ ಎಂದು ಅವರಿಗೆ ಕೂಗಿದೆ. ಗಾಡಿ ಹೊರಟಿತು. ಅತ್ತೆ ಅದು ಕಣ್ಮರೆಯಾಗುವವರೆಗೆ ನೋಡಿದರು. ಆಮೇಲೆ ನನ್ನ ಹಿಂದೆ ಬಂದರು. ಹದಿನಾರು ವರ್ಷದವಳಾಗಿ ಅವರ ಮನೆಗೆ ಕಾಲಿಟ್ಟ ಮೇಲೆ ನಾನು ಹೇಳಿದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಮಾರನೆಯ ಬೆಳಗ್ಗೆ ಡಾಕ್ಟರು ನಮ್ಮನ್ನು ನೋಡಿ ಬೆಚ್ಚಿದರು. ನನಗೇ ಏನೋ ಆಯಿತೆಂದುಕೊಂಡರು. ಅತ್ತೆಯನ್ನು ಮುಂದೆ ಕೂರಿಸಿದೆ. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು, ಒತ್ತಿದರು, ಕತ್ತು ಮುಟ್ಟಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗೆ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಅತ್ತೆ ಮಾತ್ರ ಬೆಂಗಳೂರಿನಿಂದ ಬಂದ ದಿನವೇ ಹಿತ್ತಲಿಗೆ ಹೋಗುವುದನ್ನು ನಿಲ್ಲಿಸಿದರು. ನನ್ನ ಕಲ್ಲುಸಕ್ಕರೆ ಡಬ್ಬಿ ಬೇಗ ಖಾಲಿಯಾಗತೊಡಗಿತು. ಏಳಕ್ಕೂ ಕೂರಕ್ಕೂ ಸಿಡಿಮಿಡಿ, ಕೋಳಿಗೂ ತೆಲುಗಿನಲ್ಲಿ ಬೈಗುಳ. ನಾನು ನಗುತ್ತಿದ್ದೆ, ಆ ಸಿಡಿಮಿಡಿ ಎಷ್ಟು ದಿನ ಇರುತ್ತದೆಂದು ನನಗೆ ಗೊತ್ತಿತ್ತು.

ಮತ್ತೆ ಹೋದಾಗ ಡಾಕ್ಟರು ನಗುಮುಖದಲ್ಲಿದ್ದರು. "ಏನಿಲ್ಲಮ್ಮ. ಇದು ಇನ್ನೂ ಕಾಯಿಲೆ ಆಗಿಲ್ಲ. ಸೂಜಿ ಬೇಡ, ಹಲ್ಲು ಕೀಳೋದೂ ಬೇಡ. ಹೊಗೆಸೊಪ್ಪು ಮುಟ್ಟಬೇಡಿ, ಆಗಾಗ ಬಂದು ತೋರಿಸಿ. ಇದು ತಾನಾಗಿ ಹೋದರೂ ಹೋಗುತ್ತೆ. ಸರಿಯಾದ ಹೊತ್ತಿಗೆ ಬಂದಿರಿ."

ಅದು ಹಾಗೆಯೇ ಆಯಿತು. ವರ್ಷ ತಿರುಗುವಷ್ಟರಲ್ಲಿ ಆ ಬಿಳಿ ಮಚ್ಚೆ ಸವೆದು ಮಾಯವಾಯಿತು. ಅತ್ತೆ ಬಹುಕಾಲ ಬದುಕಿದರು. ಪದ್ಮ ಶಾಲೆಗೆ ಹೋಗುವುದನ್ನೂ ಜಡೆ ಹಾಕಿಕೊಂಡು ಜಂಬ ಮಾಡುವುದನ್ನೂ ಇಬ್ಬರೂ ಒಟ್ಟಿಗೆ ಕೂತು ನೋಡಿದೆವು.

ಆದರೆ ಆವತ್ತು, ಡಾಕ್ಟರ ಕೋಣೆಯಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ನನ್ನ ಕಾಯಿಲೆಯ ಅಷ್ಟೂ ದಿನ ನನ್ನೆದುರು ಒಂದು ಹನಿ ಕಣ್ಣೀರು ಹಾಕದ ಹೆಂಗಸು. ನನಗೆ ಗಾಬರಿಯಾಯಿತು.

"ಏನಿಲ್ಲ ಅಂದ್ರಲ್ಲ ಅತ್ತೆ. ಸರಿಯಾದ್ ಹೊತ್ಗೆ ಬಂದ್ವಿ ಅಂದ್ರಲ್ಲ. ಇನ್ನ್ಯಾಕೆ ಅಳು?"

"ಅದ್ಕೇ ಕಣೆ" ಅಂದರು ಅವರು. "ಆ ಮಾತ ನಿಂಗೆ ಯಾರೂ ಅನ್ನಿಲ್ವಲ್ಲ."